ಹದಿನಾರರ ಮಗನ ಕೈಗೆ ಸ್ಕೂಟರ್ ಕೀ ಕೊಡಬಹುದಾ?

ಪ್ರಶ್ನೆ: ಮಗ ಫಸ್ಟ್ ಪಿಯುಸಿ. ಟ್ಯೂಷನ್ ಮೂರು ಕಿಲೋಮೀಟರ್ ದೂರ. ಗೆಳೆಯರೆಲ್ಲ ಸ್ಕೂಟರ್‌ನಲ್ಲೇ ಬರ್ತಾರೆ ಅಂತ ದಿನಾ ಹಠ. ಓಡಿಸೋಕೆ ಚೆನ್ನಾಗಿಯೇ ಬರುತ್ತೆ. ಕೊಟ್ಟರೆ ತಪ್ಪಾ?

ಉತ್ತರ: ದಯವಿಟ್ಟು ಕೊಡಬೇಡಿ.

ಹದಿನಾರಕ್ಕೇ ಲೈಸೆನ್ಸ್ ಸಿಗುತ್ತಲ್ವಾ ಅಂತ ಕೆಲವರು ಕೇಳುತ್ತಾರೆ. ಅದು 50 ಸಿಸಿ ಮೀರದ, ಗೇರ್ ಇಲ್ಲದ ಗಾಡಿಗೆ ಮಾತ್ರ. ಈಗ ಮನೆ ಮನೆಯ ಮುಂದೆ ನಿಂತಿರುವುದು 110, 125 ಸಿಸಿ ಸ್ಕೂಟರ್‌ಗಳು. ಅವಕ್ಕೆ 18 ತುಂಬಲೇಬೇಕು.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಸೆಕ್ಷನ್ ಸೇರಿತು. ಅದರ ಪ್ರಕಾರ ಮಗ ಸಿಕ್ಕಿಬಿದ್ದರೆ ಕೇಸು ಹೆತ್ತವರ ಮೇಲೆ, ಇಲ್ಲವೇ ಗಾಡಿ ಯಾರದೋ ಅವರ ಮೇಲೆ. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ನಮಗೆ ಗೊತ್ತಿಲ್ಲದೆ ಒಯ್ದ ಅಂದರೆ, ಅದನ್ನು ಸಾಬೀತು ಮಾಡುವ ಹೊಣೆಯೂ ನಮ್ಮದೇ.

ದಂಡ ಹೇಗೋ ಕಟ್ಟಬಹುದು. ನನ್ನ ಹೆದರಿಕೆ ಜೀವದ್ದು. ಮುಂದೇನಾಗುತ್ತದೆ ಎಂದು ಯೋಚಿಸಿ ತಡೆಯುವ ಮಿದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಹಿಂದೆ ಗೆಳೆಯ ಕೂತರಂತೂ ಒಬ್ಬನೇ ಇದ್ದಾಗ ಮಾಡದ್ದನ್ನೆಲ್ಲ ಮಾಡುವ ವಯಸ್ಸು ಅದು. ನಮ್ಮ ಬೀದಿಯ ಟ್ಯೂಷನ್ ಮುಂದೆ ಬೆಳಗ್ಗೆ ಆರೂವರೆಗೆ ನೋಡುತ್ತಿರುತ್ತೇನೆ. ಒಂದು ಸ್ಕೂಟರಲ್ಲಿ ಮೂವರು. ಹೆಲ್ಮೆಟ್ ಒಂದೇ, ಅದೂ ನಡುವೆ ಕೂತವನ ಮೊಣಕೈಗೆ ನೇತಾಡುತ್ತಿರುತ್ತದೆ. ನೋಡಿ ಹೊಟ್ಟೆ ಚುರ್ ಅನ್ನುತ್ತದೆ.

ಹಾಗಂತ ಸುಮ್ನೆ ಬೇಡ ಅಂದರೆ ಕೇಳುವುದಿಲ್ಲ, ಗೆಳೆಯನ ಹಿಂದೆ ಹತ್ತಿ ಹೋಗುತ್ತಾನೆ. ಮೂರು ಕಿಲೋಮೀಟರ್‌ಗೆ ಸೈಕಲ್ ಸಾಕು. ಅಥವಾ ಅದೇ ಟ್ಯೂಷನ್‌ನ ಇನ್ನಿಬ್ಬರು ಮಕ್ಕಳ ಅಪ್ಪ ಅಮ್ಮನ ಜೊತೆ ಮಾತಾಡಿ, ಬಿಡುವ ಕೆಲಸ ಸರದಿಯಂತೆ ಹಂಚಿಕೊಳ್ಳಿ. ಹಾಲು ತರಲು ಹೋಗುವಾಗಲೂ ನೀವು ಹೆಲ್ಮೆಟ್ ಹಾಕಿಕೊಳ್ಳಿ, ಅವನು ನೋಡುತ್ತಿರುತ್ತಾನೆ.

ಇನ್ನೊಂದು ಮಾತು ಈಗಲೇ ಹೇಳಿಡಿ: "ಎಲ್ಲೇ ಇರು, ಎಷ್ಟೊತ್ತೇ ಆಗಲಿ, ಫೋನ್ ಮಾಡು. ಬರ್ತೀನಿ. ಬೈಯಲ್ಲ." ನನ್ನ ಮಗಳಿಗೂ ಹೀಗೇ ಹೇಳಿದ್ದೆ. ಒಂದು ರಾತ್ರಿ ಹತ್ತಕ್ಕೆ ಫೋನ್ ಬಂತು. ಇನ್ನೊಂದು ಹೆಲ್ಮೆಟ್ ಹಿಡಿದು ಹೋದೆ. ದಾರಿಯುದ್ದಕ್ಕೂ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬೆಳಗ್ಗೆ ದೋಸೆ ಹುಯ್ಯುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತಳು. "ಅಮ್ಮಾ, ಅವನು ತುಂಬಾ ಜೋರಾಗಿ ಓಡಿಸ್ತಿದ್ದ. ಸಿಗ್ನಲ್‌ನಲ್ಲಿ ಇಳಿದುಬಿಟ್ಟೆ" ಅಂದಳು.