ಹನ್ನೆರಡು ಗುಂಟೆ ಎಲ್ಲಿ ಹೋಯಿತು?

ಪೋಡಿ, ಅಂದರೆ ಜಮೀನು ಅಳೆಸಿ ನಮ್ಮ ಪಾಲಿಗೆ ಬೇರೆ ನಕ್ಷೆ, ನಂಬರು ಮಾಡಿಸೋಣ ಅಂತ ಹೊರಟಾಗ ಶುರುವಾದ ತಲೆನೋವು ಇದು. ಸಾಗರ ತಾಲ್ಲೂಕಿನಲ್ಲಿರುವ ನಮ್ಮ ಅಡಿಕೆ ತೋಟ ಪಹಣಿ (ಜಮೀನಿನ ಸರ್ಕಾರಿ ದಾಖಲೆ) ಪ್ರಕಾರ 2 ಎಕರೆ 10 ಗುಂಟೆ. ಅಳೆದು ನೋಡಿದರೆ ಸಿಕ್ಕಿದ್ದು 1 ಎಕರೆ 38 ಗುಂಟೆ. 12 ಗುಂಟೆ ಕಾಣೆ! ಪಕ್ಕದವರೇ ಒತ್ತಿದ್ದು ಅಂತ ಚಿಕ್ಕಪ್ಪ ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟರು. ಜಗಳ ಆಡುವ ಮೊದಲು ಒಮ್ಮೆ ಹಳೇ ಟಿಪ್ಪಣಿ ನೋಡೋಣ ಅಂತ ನಕಲಿಗೆ ಅರ್ಜಿ ಹಾಕಿದೆ.

ಟಿಪ್ಪಣಿ ಅಂದರೆ ಮೂಲ ಸರ್ವೆಯವರು ಜಾಗದಲ್ಲೇ ನಿಂತು ಕೈಯಲ್ಲಿ ಬರೆದ ನಕ್ಷೆ. ಮಧ್ಯೆ ಒಂದು ಉದ್ದ ಗೆರೆ, ಅದರಿಂದ ಎರಡೂ ಕಡೆಗೆ ಮೀನಿನ ಮುಳ್ಳಿನ ಹಾಗೆ ಅಡ್ಡ ಗೆರೆಗಳು, ಪ್ರತಿ ಗೆರೆಯ ಮೇಲೂ ಅಂಕಿ. ಅಂಕಿ ಅಡಿಯಲ್ಲೂ ಇಲ್ಲ, ಮೀಟರಿನಲ್ಲೂ ಇಲ್ಲ. ಸರಪಳಿ ಮತ್ತು ಆಣೆಯಲ್ಲಿದೆ. ಒಂದು ಸರಪಳಿ 33 ಅಡಿ, ಅದರಲ್ಲಿ 16 ಆಣೆ, ಅಂದರೆ ಒಂದು ಆಣೆ ಎರಡು ಅಡಿ ಚಿಲ್ಲರೆ. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ 1,089 ಚದರ ಅಡಿ. ಅದೇ ನಮ್ಮ ಒಂದು ಗುಂಟೆ! ದಿನಾ ಗುಂಟೆ ಗುಂಟೆ ಅಂತೀವಲ್ಲ, ಅದು ಒಂದು ಕಬ್ಬಿಣದ ಸರಪಳಿಯ ಅಳತೆ ಅಂತ ನನಗೆ ಗೊತ್ತಾಗಿದ್ದು ಆಗಲೇ.

ಈ ಸರಪಳಿ ಬಂದಿದ್ದು ಬ್ರಿಟಿಷ್ ಕಮಿಷನರುಗಳು ಮೈಸೂರು ಆಳುತ್ತಿದ್ದ ಕಾಲದಲ್ಲಿ. 1830ರ ಹೊತ್ತಿಗೆ ಕಂದಾಯದ ಕಾಟ ತಾಳಲಾರದೆ ನಗರ (ಹಳೇ ಬಿದನೂರು) ಸೀಮೆಯ ರೈತರು ದಂಗೆ ಎದ್ದರು. ಅದನ್ನೇ ಕಾರಣ ಮಾಡಿ 1831ರಲ್ಲಿ ಕಂಪನಿಯವರು ಅರಸರ ಕೈಯಿಂದ ಆಡಳಿತ ಕಿತ್ತುಕೊಂಡರು. ವಾಪಸ್ ಕೊಟ್ಟಿದ್ದು 1881ರಲ್ಲಿ. ಈ ನಡುವೆ, 1863ರಲ್ಲಿ, ಮುಂಬೈ ಪದ್ಧತಿಯ ಸರ್ವೆ ಮೈಸೂರಿನಲ್ಲಿ ಶುರುವಾಯಿತು. ಸರ್ವೆ ನಂಬರು, ಗಡಿ ಗುರುತಿನ ಬಾಂದುಕಲ್ಲು ಎಲ್ಲ ಅದರ ಕೂಸುಗಳು.

ಹಾಗಂತ ಅದಕ್ಕೂ ಮುಂಚೆ ಇಲ್ಲಿ ಲೆಕ್ಕಪತ್ರವೇ ಇರಲಿಲ್ಲ ಅಂದುಕೊಳ್ಳಬೇಡಿ. ಇದು ಕೆಳದಿ ಅರಸರ ಸೀಮೆ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಭೂಮಿಯನ್ನು ಫಲವತ್ತತೆ ನೋಡಿ ಐದು ದರ್ಜೆ ಮಾಡಿಸಿ, ಬೆಳೆಯ ಮೂರರಲ್ಲಿ ಒಂದು ಪಾಲು ಅಂತ ಕಂದಾಯ ಗೊತ್ತುಮಾಡಿದ. ಅದೇ ‘ಶಿವಪ್ಪ ನಾಯಕನ ಶಿಸ್ತು’. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರು ಹಿಡಿದ. ಆಳುವವರು ಬದಲಾದಂತೆ ಕಾಗದದ ಮಾತೂ ಬದಲಾಯಿತು. ಪಹಣಿಯಲ್ಲಿರುವ ಪದಗಳನ್ನೇ ನೋಡಿ: ಕಬ್ಜೆ (ಸ್ವಾಧೀನ), ಖುಷ್ಕಿ (ಒಣ ಹೊಲ), ತರಿ (ನೀರಿನ ಗದ್ದೆ), ಬಾಗಾಯ್ತು (ತೋಟ), ಖರಾಬು. ಎಲ್ಲ ಪಾರಸಿ, ಅರಬ್ಬಿ ಕಡೆಯವು. ನಮ್ಮ ಅಜ್ಜಿಗೆ ಬಾಗಾಯ್ತು ಅನ್ನುವುದು ಅಚ್ಚ ಕನ್ನಡವೇ ಆಗಿತ್ತು ಬಿಡಿ.

ಇನ್ನು ತೋಟದ ಸುತ್ತ ಇರುವ ಸೊಪ್ಪಿನಬೆಟ್ಟ. ಪೇಟೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸ್ವಲ್ಪ ಕಷ್ಟ. ಜಾಗ ನಮ್ಮದಲ್ಲ, ಸರ್ಕಾರದ್ದು. ಅಲ್ಲಿನ ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ಮಾತ್ರ ತೋಟಕ್ಕೆ ಸೇರಿದ್ದು. ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಅಡಿಕೆ ಮರದ ಬುಡಕ್ಕೆ. ಬೆಟ್ಟ ಇಲ್ಲದೆ ತೋಟ ಇಲ್ಲ ಅಂತ ಹಿರಿಯರು ಹೇಳುತ್ತಿದ್ದುದು ಇದಕ್ಕೇ.

ಆದರೆ ಈ ಸೊಪ್ಪು ಹೊತ್ತವರು ಯಾರು? ಬಸಿಗಾಲುವೆ ತೋಡಿದವರು ಯಾರು? ಕೆಳಗಿನ ಗದ್ದೆ ಉತ್ತವರು ಯಾರು? ಟಿಪ್ಪಣಿಯಲ್ಲಿ ಅವರ ಹೆಸರಿಲ್ಲ. ಕಂದಾಯ ಕಟ್ಟುವವನ ಹೆಸರಿದೆ, ಅಷ್ಟೇ. ನಮ್ಮದು ಗೇಣಿ, ಅಂದರೆ ಗದ್ದೆ ಉಳುವವರಿಂದ ಒಡೆಯನ ಪಾಲು, ವಸೂಲಿ ಮಾಡುತ್ತಿದ್ದ ಮನೆ. ಅದನ್ನು ಮುಚ್ಚಿಟ್ಟು ಈ ಕಥೆ ಹೇಳುವುದರಲ್ಲಿ ಅರ್ಥವಿಲ್ಲ.

ಅಟ್ಟದಲ್ಲಿ ಧಾನ್ಯ ಅಳೆಯುವ ಎರಡು ಕೊಳಗ ಇದ್ದವು. ಎರಡೂ ಮರದವು, ದೂರದಿಂದ ನೋಡಿದರೆ ಅವಳಿ ಜವಳಿ. ಗದ್ದೆ ಕಡೆಯ ಮನೆಯ ಹುಡುಗ, ನನ್ನ ಜೊತೆ ಶಾಲೆಗೆ ಬರುತ್ತಿದ್ದವನ ತಮ್ಮ, ಅಟ್ಟ ಗುಡಿಸಲು ಬಂದವನು ಎರಡನ್ನೂ ಕೈಯಲ್ಲಿ ಹಿಡಿದು ನಕ್ಕ. “ಅಣ್ಣಾ, ಇದು ನಿಮ್ಮನೇರು ತಗಳೋ ಕೊಳಗ, ಇದು ಕೊಡೋ ಕೊಳಗ. ನಮ್ಮಜ್ಜ ಹೇಳ್ತಿದ್ದ.” ನಾನು ನಂಬಲಿಲ್ಲ. ಚಿಕ್ಕದರ ತುಂಬ ಅಕ್ಕಿ ತುಂಬಿ, ಕೈಯಲ್ಲಿ ಸವರಿ ಮಟ್ಟ ಮಾಡಿ, ದೊಡ್ಡದಕ್ಕೆ ಸುರಿದೆ. ಬಾಯಿಂದ ನಾಲ್ಕು ಬೆರಳು ಕೆಳಗೇ ನಿಂತಿತು. ನನಗೆ ಮಾತೇ ಹೊರಡಲಿಲ್ಲ.

ಇದೇ ಕೊಳಗದ ಮೇಲೆಯೇ ಅಲ್ವಾ 1951ರಲ್ಲಿ ಕಾಗೋಡಿನಲ್ಲಿ ಹೋರಾಟ ಹೊತ್ತಿಕೊಂಡಿದ್ದು! ಗೇಣಿ ಅಳೆಯುವ ಕೊಳಗ ಸರಿಯಾಗಿರಲಿ ಅಂತ ಕೇಳಿದ ದೀವರ ಸಮುದಾಯದ ಗೇಣಿದಾರರನ್ನು ಒಡೆಯರು ಗದ್ದೆಗೆ ಇಳಿಯದಂತೆ ತಡೆದರು. ಎಚ್. ಗಣಪತಿಯಪ್ಪ ಕಟ್ಟಿದ ರೈತ ಸಂಘ ಇದಕ್ಕೆ ಎದುರು ನಿಂತಿತು. ಶಾಂತವೇರಿ ಗೋಪಾಲಗೌಡರು, ಸಮಾಜವಾದಿಗಳು ಬಂದರು. ರಾಮಮನೋಹರ ಲೋಹಿಯಾ ಅವರೂ ಬಂದು, ಸಾಗರದ ರೈಲ್ವೆ ನಿಲ್ದಾಣದಲ್ಲಿ ಬಂಧನಕ್ಕೆ ಒಳಗಾದರು.

ಕಾನೂನು ಬರಲು ಮತ್ತೆ ಎರಡು ದಶಕದ ಮೇಲಾಯಿತು. ದೇವರಾಜ ಅರಸರ ಕಾಲದ ತಿದ್ದುಪಡಿ ಜಾರಿಗೆ ಬಂದಿದ್ದು 1974ರ ಮಾರ್ಚ್ 1ರಂದು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರ 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯಿಂದ ಹಕ್ಕು ಪಡೆಯಬೇಕಿತ್ತು. ಅಲ್ಲಿ ವಕೀಲರು ವಾದ ಮಾಡುವ ಹಾಗಿರಲಿಲ್ಲ. ನಮ್ಮ ಕಡೆ ಈಗಲೂ ‘ಆ ಗದ್ದೆ ಡಿಕ್ಲರೇಷನ್ನಿಗೆ ಹೋಯ್ತು’ ಅಂತಲೇ ಹೇಳುವುದು. ತೋಟ ನಾವೇ ಮಾಡಿಸುತ್ತಿದ್ದುದರಿಂದ ಉಳಿಯಿತು, ಗೇಣಿಗೆ ಕೊಟ್ಟಿದ್ದ ಗದ್ದೆ ಹೋಯಿತು. ಹೋಯಿತು ಅನ್ನುವುದು ನಮ್ಮನೆಯ ಮಾತು. ಆ ಹುಡುಗನ ಮನೆಯಲ್ಲಿ ‘ಗದ್ದೆ ಬಂತು’ ಅಂತಾರೆ.

ಸರಿ, 12 ಗುಂಟೆ ಎಲ್ಲಿ? ಟಿಪ್ಪಣಿಯನ್ನು ಬೆಳಕಿಗೆ ಹಿಡಿದು ನೋಡಿದಾಗ ಸಿಕ್ಕಿತು. ಪಶ್ಚಿಮದ ಅಂಚಿನಲ್ಲಿ ಒಂದು ಹಳ್ಳ, ಅದರ ಪಕ್ಕ ಎರಡು ಜೋಡಿ ಗೆರೆ: ಬಂಡಿ ದಾರಿ. ಎರಡೂ ಸೇರಿ 12 ಗುಂಟೆ, ಬಿ ಖರಾಬು. ಎ ಖರಾಬು ಅಂದರೆ ಬಂಡೆ, ಗುಂಡಿ ಇರುವ, ಬೆಳೆ ತೆಗೆಯಲಾಗದ ಜಾಗ. ಬಿ ಅಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ಯಾವುದೋ ಕಾಲದಲ್ಲಿ ಕೈಬರಹದ ಪಹಣಿ ನಕಲು ಮಾಡಿದವರು ಈ ಖರಾಬು ಕಳೆಯಲು ಮರೆತಿದ್ದಾರೆ. 2000ದ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದಾಗ ಈ ತಪ್ಪೂ ಜೊತೆಗೇ ಹೋಯಿತು. ಪಕ್ಕದವರು ಒಂದಿಂಚೂ ಒತ್ತಿಲ್ಲ. ಚಿಕ್ಕಪ್ಪ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು.

ಆ ಬಂಡಿ ದಾರಿ ಎಲ್ಲಿಗೆ ಹೋಗುತ್ತೆ ನೋಡೋಣ ಅಂತ ಮೇ ತಿಂಗಳ ಒಂದು ಮಧ್ಯಾಹ್ನ ನಾನೂ ಆ ಹುಡುಗನೂ ಹೊರಟೆವು. ಮಟ್ಟಿ ಸವರಿಕೊಂಡು ಒಂದು ಮೈಲಿ ನಡೆದೆವು. ದಾರಿ ಇಳಿಜಾರಿನಲ್ಲಿ ಇಳಿದು, ಬಿರುಕು ಬಿಟ್ಟ ಕೆಸರು ದಾಟಿ, ಶರಾವತಿ ಹಿನ್ನೀರಿನೊಳಗೆ ಹೋಗಿಬಿಟ್ಟಿತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆ ಊರು, ಗದ್ದೆ, ದಾರಿ ಎಲ್ಲವನ್ನೂ ನುಂಗಿದೆ. ಅದಕ್ಕೂ ಮೊದಲು ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಅದರೊಳಗೇ ಇದೆ, ನೀರು ತೀರಾ ಇಳಿದ ವರ್ಷ ತಲೆ ಎತ್ತುತ್ತದೆ. ಮುಳುಗಡೆಯವರಿಗೆ ಕಾಡಿನಲ್ಲಿ ಜಾಗ ತೋರಿಸಿದರು. ಅವರಲ್ಲಿ ಎಷ್ಟೋ ಜನರಿಗೆ ಹಕ್ಕುಪತ್ರದ ತಕರಾರು ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ. ಅವರ ಮುಂದೆ ನಾನು 12 ಗುಂಟೆಯ ಮಾತು ಎತ್ತುವ ಹಾಗೇ ಇಲ್ಲ.

ವಾಪಸ್ ಬಂದು ಸರ್ವೆಯವರನ್ನು ಕೇಳಿದೆ: ದಾರಿ ನೀರಿಗೆ ಹೋಗಿದೆ, ಅಲ್ಲಿ ಊರೂ ಇಲ್ಲ, ಖರಾಬು ತೆಗೆಯಬಹುದಾ ಅಂತ. “ದಾರಿ ದಾರಿನೇ ಸಾರ್” ಅಂದರು. ಪೋಡಿ ಆಗಿದೆ. 1 ಎಕರೆ 38 ಗುಂಟೆ, ಪಕ್ಕದಲ್ಲಿ ಬಿ ಖರಾಬು 12 ಗುಂಟೆ, ಬಂಡಿ ದಾರಿ ಸಮೇತ.