ಚಪ್ಪಲಿ ಅಥಣಿಯದು, ಹೆಸರು ಕೊಲ್ಹಾಪುರದ್ದು: ಕೋರ್ಟಿಗೆ ಹೋಗುವವರು ಯಾರು?

ಅಥಣಿಯ ಸಮಗಾರರ ಮನೆಗಳಲ್ಲಿ ಒಂದು ಜೋಡಿ ಚಪ್ಪಲಿ ಹಲವು ಕೈ ದಾಟಿ ಬರುತ್ತದೆ. ಗಂಡಸರು ಎಮ್ಮೆ ತೊಗಲನ್ನು ರಂಪಿಗೆಯಿಂದ ಕತ್ತರಿಸಿ ಅಟ್ಟೆ ಮಾಡುತ್ತಾರೆ. ಹೆಣ್ಣುಮಕ್ಕಳು ತೊಗಲನ್ನು ಎಳೆ ಎಳೆಯಾಗಿ ಸೀಳಿ, ಜಡೆ ಹೆಣೆದ ಹಾಗೆ ಹೆಣೆದು ಪಟ್ಟಿಗೆ ಕೂಡಿಸುತ್ತಾರೆ. ಮೊಳೆ ಹೊಡೆಯುವುದಿಲ್ಲ, ಹೊಲಿಗೆಗೂ ತೊಗಲಿನ ದಾರವೇ. ತೊಗಲು ಹದ ಮಾಡುವ ಹಳೇ ಪದ್ಧತಿಯಲ್ಲಿ ಹದಕ್ಕೆ ಬಳಸುವುದು ಜಾಲಿ ತೊಗಟೆ, ಅಳಲೆಕಾಯಿ. ಮಾರಾಟದ ಪೇಟೆ ಕೊಲ್ಹಾಪುರವಾದ್ದರಿಂದ ಹೆಸರೂ ಆ ಊರಿನದೇ ಆಯಿತು.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಶೋನಲ್ಲಿ ಇದೇ ಅಚ್ಚಿನ ಚಪ್ಪಲಿ ತೋರಿಸಿತು. ಕೊಲ್ಹಾಪುರಿ ಎಂಬ ಹೆಸರನ್ನು ಮಾತ್ರ ಎತ್ತಲಿಲ್ಲ, ಬರೀ 'ಲೆದರ್ ಸ್ಯಾಂಡಲ್' ಎಂದಿತು. ಗದ್ದಲ ಎದ್ದ ಮೇಲೆ ಭಾರತದ ಕರಕುಶಲತೆಯೇ ಇದಕ್ಕೆ ಪ್ರೇರಣೆ ಎಂದು ಒಪ್ಪಿಕೊಂಡಿತು. ಆ ಹೆಸರು ಎತ್ತದೇ ಇದ್ದದ್ದರಲ್ಲೇ ಇಡೀ ವ್ಯಾಜ್ಯದ ಗಂಟು ಇದೆ.

ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್, ಬಂದದ್ದು 1999ರ ಕಾಯ್ದೆಯಿಂದ. ಅದು ಜಾರಿಯಾದದ್ದು 2003ರ ಸೆಪ್ಟೆಂಬರ್‌ನಲ್ಲಿ. ಅದು ಕಾಯುವುದು ಒಂದು ಊರು-ಸೀಮೆಯ ಹೆಸರಿಗಿರುವ ಮರ್ಯಾದೆಯನ್ನು, ವಸ್ತುವಿನ ಆಕಾರವನ್ನಲ್ಲ. ಆಕಾರಕ್ಕೆ ಬೇರೆಯದೇ ಕಾನೂನಿದೆ: 2000ದ ವಿನ್ಯಾಸ ಕಾಯ್ದೆ. ಆದರೆ ಅದು ಹೊಸ ವಿನ್ಯಾಸವನ್ನಷ್ಟೇ ನೋಂದಾಯಿಸುತ್ತದೆ, ಅದೂ ಹೆಚ್ಚೆಂದರೆ 15 ವರ್ಷಕ್ಕೆ. ಅಜ್ಜ-ಮುತ್ತಜ್ಜಂದಿರಿಂದ ಬಂದ ವಿನ್ಯಾಸಕ್ಕೆ ಅಲ್ಲಿ ಜಾಗವಿಲ್ಲ. ಹಳೆಯದು ಎಂಬ ಕಾರಣಕ್ಕೇ ಕಾಪಾಡಬೇಕಾದದ್ದು, ಹಳೆಯದು ಎಂಬ ಕಾರಣಕ್ಕೇ ಕೈಬಿಟ್ಟು ಹೋಗಿದೆ. ನನಗೆ ಇದು ಅನ್ಯಾಯ ಎಂದೇ ಅನಿಸುತ್ತದೆ.

ಕೊಲ್ಹಾಪುರಿ ಚಪ್ಪಲಿಗೆ ಜಿಐ ಸಿಕ್ಕ ಸುದ್ದಿ 2019ರಲ್ಲಿ ಬಂದಾಗ ನಮ್ಮ ಕಡೆ ಸಂತೋಷಕ್ಕೆ ಕಾರಣವಿತ್ತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳ ಜತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಪಾಲು ಸಿಕ್ಕಿತು. ಒಡೆತನ ಎರಡು ಸರ್ಕಾರಿ ಚರ್ಮೋದ್ಯಮ ನಿಗಮಗಳದ್ದು: ಅಲ್ಲಿನ ಲಿಡ್‌ಕಾಮ್, ಇಲ್ಲಿನ ಲಿಡ್ಕರ್. ಪ್ರಾಡಾ ಗಲಾಟೆಯಲ್ಲಿ ಎಲ್ಲರೂ ಕೊಲ್ಹಾಪುರವನ್ನಷ್ಟೇ ಹೇಳುತ್ತಿದ್ದಾಗ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕುಶಲಕರ್ಮಿಗಳನ್ನು ನೆನಪಿಸಿದವರು ಸಚಿವ ಪ್ರಿಯಾಂಕ್ ಖರ್ಗೆ.

ಕೆಲವು ವಕೀಲರು ಪ್ರಾಡಾ ವಿರುದ್ಧ ಬಾಂಬೆ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. 2025ರ ಜುಲೈನಲ್ಲೇ ಅದು ವಜಾ ಆಯಿತು. ನೀವು ಈ ಚಪ್ಪಲಿಯ ಒಡೆಯರಲ್ಲ, ಕೇಳಬೇಕಾದವರು ನೋಂದಾಯಿತ ಮಾಲೀಕರು ಎಂಬುದು ನ್ಯಾಯಾಲಯದ ನಿಲುವು. ಕಾಯ್ದೆ ಹೇಳುವುದೂ ಅದನ್ನೇ: ಉಲ್ಲಂಘನೆಗೆ ಪರಿಹಾರ ಕೇಳುವ ಹಕ್ಕು 21ನೇ ಕಲಂ ಪ್ರಕಾರ ನೋಂದಾಯಿತ ಮಾಲೀಕರಿಗೆ, ಮತ್ತು 'ಅಧಿಕೃತ ಬಳಕೆದಾರ' ಎಂದು ಹೆಸರು ಬರೆಸಿಕೊಂಡವರಿಗೆ. ಆ ಬರೆಸಿಕೊಳ್ಳುವ ಕೆಲಸ ಬೇರೆಯೇ. ಚೆನ್ನೈನ ಜಿಐ ನೋಂದಣಿ ಕಚೇರಿಗೆ ಪ್ರತ್ಯೇಕ ಅರ್ಜಿ ಹೋಗಬೇಕು. ಜಿಲ್ಲೆಗೆ ಜಿಐ ಬಂತು ಎಂದ ಮಾತ್ರಕ್ಕೆ ರಂಪಿಗೆ ಹಿಡಿದವನ ಹೆಸರು ತಾನಾಗಿ ಆ ಪಟ್ಟಿಗೆ ಸೇರುವುದಿಲ್ಲ.

ಸೇರಿದರೂ ಇಲ್ಲಿನ ನೋಂದಣಿ ಮಿಲಾನ್‌ನಲ್ಲಿ ನಡೆಯುವುದಿಲ್ಲ, ಜಿಐ ಹಕ್ಕು ದೇಶದ ಗಡಿಗೇ ನಿಲ್ಲುತ್ತದೆ. ಐರೋಪ್ಯ ಒಕ್ಕೂಟ ಕರಕುಶಲ ವಸ್ತುಗಳಿಗೂ ಭೌಗೋಳಿಕ ಸೂಚಕ ಕೊಡುವ ನಿಯಮವನ್ನು 2025ರ ಡಿಸೆಂಬರ್ 1ರಿಂದ ಜಾರಿಗೆ ತಂದಿದೆ. ನಮ್ಮ ನಿಗಮಗಳು ತಟ್ಟಬೇಕಾದ ಬಾಗಿಲು ಅದು.

ಅದೇ ತಿಂಗಳು ವ್ಯಾಜ್ಯ ಬೇರೆ ದಾರಿ ಹಿಡಿಯಿತು. ಪ್ರಾಡಾ ಎರಡೂ ನಿಗಮಗಳ ಜತೆ ಒಪ್ಪಂದ ಮಾಡಿಕೊಂಡು, ಮಹಾರಾಷ್ಟ್ರ-ಕರ್ನಾಟಕದ ಕುಶಲಕರ್ಮಿಗಳಿಂದಲೇ ಸುಮಾರು 2,000 ಜೋಡಿ ಮಾಡಿಸಿ, ಜೋಡಿಗೆ ಸುಮಾರು 800 ಯೂರೋಗೆ ಮಾರುವುದಾಗಿ ಹೇಳಿತು. ಅದರಲ್ಲಿ ಅಥಣಿ, ನಿಪ್ಪಾಣಿಯ ಪಾಲು ಎಷ್ಟು ಜೋಡಿ, ಜಡೆ ಹೆಣೆಯುವ ಹೆಣ್ಣುಮಗಳಿಗೆ ಜೋಡಿಗೆ ಎಷ್ಟು ಕೂಲಿ ಎಂಬುದನ್ನು ಲಿಡ್ಕರ್ ಕನ್ನಡದಲ್ಲಿ ಬರೆದು ಊರಿನ ಚಾವಡಿಯಲ್ಲಿ ಅಂಟಿಸಬೇಕು.