ಹಮ್ಮಿಂಗ್‌ಬರ್ಡ್ ಕಾರಂಜಿಗೆ ಬರುವುದು ನೀರು ಕುಡಿಯುವುದಕ್ಕಲ್ಲ

ಹೂವಿನ ಮಕರಂದ ಹೀರಿ ಬದುಕುವ ಪುಟ್ಟ ಹಕ್ಕಿ ಹಮ್ಮಿಂಗ್‌ಬರ್ಡ್‌ಗೆ ಬಾಯಾರಿಕೆ ಅನ್ನುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದರ ಕಷ್ಟವೇ ಬೇರೆ. ಮೈಯೊಳಗೆ ಸೇರಿದ ನೀರನ್ನು ಹೊರಗೆ ಹಾಕುವುದೇ ಅದಕ್ಕೆ ದಿನವಿಡೀ ಕೆಲಸ. ಇದೊಂದು ಗೊತ್ತಿದ್ದರೆ ಹಿತ್ತಲಲ್ಲಿ ಕಾರಂಜಿ ಮಾಡಿಟ್ಟು ಹಕ್ಕಿಗೆ ಕಾಯುವವರು ಅರ್ಧಕ್ಕರ್ಧ ತಪ್ಪುಗಳನ್ನು ಮಾಡುತ್ತಲೇ ಇರಲಿಲ್ಲ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮವರ ಮನೆಗಳಿಗೆ ಹೋದಾಗಲೆಲ್ಲ ನೋಡುತ್ತೇನೆ. ಮೊಣಕೈ ಮುಳುಗುವಷ್ಟು ಆಳದ ಬೋಗುಣಿ, ನುಣುಪಾದ ಹೊಳೆಯುವ ಪಿಂಗಾಣಿ, ನಡುವೆ ಚಿಮ್ಮುವ ನೀರು, ಹಕ್ಕಿಗೆ ಇಷ್ಟ ಅಂತ ಅದಕ್ಕೊಂದಿಷ್ಟು ಕೆಂಪು ಬಣ್ಣ. ನೀರಿಗೇ ಸಕ್ಕರೆ ಕದಡಿದವರೂ ಇದ್ದಾರೆ! ಅದಕ್ಕೆ ಬರುವುದು ಇರುವೆ ಮತ್ತು ಕಣಜ. ಆಮೇಲೆ ಪಂಪ್ ತುಂಬ ಲೋಳೆ.

ಮೊದಲು ಈ ನೀರಿನ ಲೆಕ್ಕ ನೋಡೋಣ. ಹೂವಿನ ಮಕರಂದ ಅಂದರೆ ಸಕ್ಕರೆ ಬೆರೆತ ನೀರು. ಈ ಹಕ್ಕಿಗೆ ಬೇಕಿರುವುದು ಸಕ್ಕರೆ, ಆದರೆ ಅದರ ಜೊತೆಗೆ ನೀರನ್ನೂ ನುಂಗಲೇಬೇಕು. ಅಮೆರಿಕದ ಬೆಟ್ಟಗಳಲ್ಲಿರುವ ಬ್ರಾಡ್‌ಟೇಲ್ಡ್ ಎಂಬ ಜಾತಿಯ ಮೇಲೆ ನಡೆದ, 1999ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಸಕ್ಕರೆ ತೆಳುವಾಗಿದ್ದಾಗ ಈ ಹಕ್ಕಿ ಒಂದು ದಿನಕ್ಕೆ ತನ್ನ ಮೈತೂಕದ ಐದು ಪಟ್ಟಿನವರೆಗೂ ಕುಡಿಯುತ್ತದೆ ಎಂದು ಅದರಲ್ಲಿ ಕಂಡುಬಂತು. 60 ಕೆಜಿ ತೂಕದ ಮನುಷ್ಯ 300 ಲೀಟರ್ ಕುಡಿದ ಹಾಗೆ. ಇಷ್ಟು ನೀರು ಒಳಗೆ ಹೋದರೆ ನಮ್ಮ ರಕ್ತದ ಉಪ್ಪೆಲ್ಲ ತೆಳುವಾಗಿ ಜೀವವೇ ಹೋಗುತ್ತದೆ. ಈ ಹಕ್ಕಿಯ ಕರುಳು ಅದರಲ್ಲಿ ಬಹುಪಾಲು ನೀರನ್ನು ಹೀರಿಕೊಂಡು ರಕ್ತಕ್ಕೆ ಬಿಡುತ್ತದೆ. ಮೂತ್ರಪಿಂಡ ಅದನ್ನು ಹೊರಗೆ ದಬ್ಬುತ್ತಲೇ ಇರುತ್ತದೆ. ಕೊಂಬೆಯ ಮೇಲೆ ಕೂತ ಹಮ್ಮಿಂಗ್‌ಬರ್ಡನ್ನು ಸ್ವಲ್ಪ ಹೊತ್ತು ಗಮನಿಸಿ, ಸಣ್ಣ ಸಣ್ಣ ಹನಿಗಳನ್ನು ಚಿಮ್ಮಿಸುತ್ತಲೇ ಇರುತ್ತದೆ.

ಹಾಗಾದರೆ ರಾತ್ರಿ? ರಾತ್ರಿಯಿಡೀ ಏನೂ ಕುಡಿಯುವುದಿಲ್ಲ. ಅದೇ ವೇಗದಲ್ಲಿ ಮೂತ್ರಪಿಂಡ ಓಡುತ್ತಿದ್ದರೆ ಬೆಳಗಾಗುವ ಹೊತ್ತಿಗೆ ಹಕ್ಕಿ ಒಣಗಿ ಹೋಗಬೇಕು, ಅಲ್ವಾ? ಅದು ಮೂತ್ರಪಿಂಡದ ಸೋಸುವ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ! 2004ರಲ್ಲಿ ಅದೇ ಬ್ರಾಡ್‌ಟೇಲ್ಡ್ ಹಕ್ಕಿಯಲ್ಲಿ ಇದು ಗೊತ್ತಾಯಿತು. ಮನುಷ್ಯನಿಗೆ ಹೀಗಾದರೆ ಆಸ್ಪತ್ರೆಗೆ ಓಡಬೇಕು. ಈ ಹಕ್ಕಿಗೆ ಅದು ದಿನಚರಿ.

ರಾತ್ರಿಯ ವಿಷಯ ಬಂತಲ್ಲ, ಇನ್ನೊಂದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಚಳಿ ಜಾಸ್ತಿಯಾಗಿ ಹೊಟ್ಟೆಗೆ ಕಡಿಮೆಯಾದ ರಾತ್ರಿ ಹಮ್ಮಿಂಗ್‌ಬರ್ಡ್ ಮೈಯ ಬಿಸಿಯನ್ನೇ ಇಳಿಸಿಕೊಂಡು ಜಡವಾಗುತ್ತದೆ. ಪೆರು ದೇಶದ ಆಂಡಿಸ್ ಬೆಟ್ಟಗಳಲ್ಲಿರುವ ಒಂದು ಜಾತಿಯ ಮೈ ಸುಮಾರು 3.3 ಡಿಗ್ರಿ ಸೆಲ್ಸಿಯಸ್‌ಗೆ ಇಳಿದದ್ದು 2020ರಲ್ಲಿ ದಾಖಲಾಗಿದೆ. ಮುಟ್ಟಿದರೆ ಸತ್ತ ಹಕ್ಕಿಯೇ ಅನ್ನಿಸಬೇಕು. ಬಿಸಿಲೇರುವ ಹೊತ್ತಿಗೆ ಮತ್ತೆ ಹಾರಾಟ. ಹದಿನಾರನೇ ಶತಮಾನದಲ್ಲಿ ಮೆಕ್ಸಿಕೋದಲ್ಲಿದ್ದ ಪಾದ್ರಿ ಸಾಹಗುನ್, ಅಲ್ಲಿನ ಮೂಲನಿವಾಸಿಗಳು ಹೇಳಿದ್ದನ್ನು ಬರೆಸಿಟ್ಟ. ಈ ಹಕ್ಕಿ ಚಳಿಗಾಲದಲ್ಲಿ ಕೊಕ್ಕನ್ನು ಮರಕ್ಕೆ ಚುಚ್ಚಿಕೊಂಡು ಮುದುಡಿ ಹೋಗುತ್ತದೆ, ಮಳೆ ಬಂದಾಗ ಮತ್ತೆ ಎಚ್ಚರಗೊಳ್ಳುತ್ತದೆ ಅಂತ. ಮರಕ್ಕೆ ಚುಚ್ಚಿಕೊಳ್ಳುವುದು ಸುಳ್ಳು. ಆದರೆ ಜಡವಾಗಿ ತೂಗುತ್ತಿದ್ದ ಹಕ್ಕಿಯನ್ನು ಕಂಡವರೇ ಈ ಮಾತು ಹೇಳಿರಬೇಕು, ಸುಮ್ನೆ ಹುಟ್ಟಿದ ಕಥೆ ಅಂತ ನನಗನ್ನಿಸುವುದಿಲ್ಲ.

ಕಥೆಯಾಗಿದ್ದರೆ ತೊಂದರೆಯೂ ಇಲ್ಲ. ಸಂಕಟವಾಗುವುದು ಮೂಢನಂಬಿಕೆ ಹಕ್ಕಿಯ ಜೀವಕ್ಕೆ ಬಂದಾಗ. ಹಮ್ಮಿಂಗ್‌ಬರ್ಡನ್ನು ಕೊಂದು, ಒಣಗಿಸಿ, ಕಾಗದದಲ್ಲಿ ಸುತ್ತಿ, ಪ್ರೀತಿ ಒಲಿಸಿಕೊಳ್ಳುವ ತಾಯತ ಅಂತ ಮಾರುವವರು ಮೆಕ್ಸಿಕೋದಲ್ಲಿ ಈಗಲೂ ಇದ್ದಾರೆ. ಅದು ಕದ್ದುಮುಚ್ಚಿ ಅಮೆರಿಕಕ್ಕೂ ಬರುತ್ತದೆ. ನಾಲ್ಕು ಗ್ರಾಂ ತೂಗುವ ಜೀವಕ್ಕೆ ಯಾರ ಮನಸ್ಸನ್ನು ತಿರುಗಿಸುವ ಶಕ್ತಿಯೂ ಇಲ್ಲ. ಅಮೆರಿಕದಲ್ಲಿ 1918ರ ವಲಸೆ ಹಕ್ಕಿ ಕಾಯ್ದೆಯ ಪ್ರಕಾರ ಇದನ್ನು ಕೊಲ್ಲುವುದೂ ಮಾರುವುದೂ ಅಪರಾಧ.

ಸರಿ, ಬಾಯಾರಿಕೆ ಇಲ್ಲ ಅಂದ ಮೇಲೆ ಕಾರಂಜಿಗೆ ಯಾಕೆ ಬರುತ್ತದೆ? ಮೀಯುವುದಕ್ಕೆ. ಹೂವಿನೊಳಗೆ ಮುಖ ತೂರಿಸಿ ಬಂದ ಹಕ್ಕಿಯ ಕೊಕ್ಕು ಮತ್ತು ಕತ್ತಿನ ಗರಿಗಳಿಗೆ ಅಂಟು, ಪರಾಗ, ದೂಳು ಮೆತ್ತಿರುತ್ತದೆ. ಗರಿ ಕೊಳೆಯಾದರೆ ಹಾರಾಟ ಕೆಡುತ್ತದೆ. ಇದು ಬರೀ ಊಹೆಯಲ್ಲ. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದವರು ಸ್ಟಾರ್ಲಿಂಗ್ ಹಕ್ಕಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೀಯಲು ನೀರು ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ಆಮೇಲೆ ದಾರಗಳನ್ನು ಇಳಿಬಿಟ್ಟ ಜಾಗದಲ್ಲಿ ಬೆದರಿಸಿ ಹಾರಿಸಿದರು. ಮೀಯದ ಹಕ್ಕಿಗಳು ದಾರಗಳಿಗೆ ಜಾಸ್ತಿ ಡಿಕ್ಕಿ ಹೊಡೆದವು. ಗಿಡುಗ ಬೆನ್ನು ಹತ್ತಿದಾಗ ಇಂಥ ಒಂದು ಡಿಕ್ಕಿ ಸಾಕು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಹಕ್ಕಿ ನೆನೆಯಬೇಕು ಅಂದುಕೊಂಡರೂ ಅದರ ಗರಿ ನೆನೆಯಲು ಒಪ್ಪುವುದಿಲ್ಲ! ಕೆಸುವಿನ ಎಲೆ ನೋಡಿದ್ದೀರಲ್ಲ, ಮಳೆಹನಿ ಅದರ ಮೇಲೆ ಪಾದರಸದ ಹಾಗೆ ಉರುಳುತ್ತದೆ, ಎಲೆ ಮಾತ್ರ ಒಣಗಿಯೇ ಇರುತ್ತದೆ. ಗರಿಯಲ್ಲಿ ನಡೆಯುವುದೂ ಅದೇ ಭೌತಶಾಸ್ತ್ರ. ಗರಿಯ ನಡುದಂಟಿನಿಂದ ಎಳೆಗಳು ಹೊರಡುತ್ತವೆ, ಪ್ರತಿ ಎಳೆಯಿಂದ ಕಿರಿಯೆಳೆಗಳು, ಆ ಕಿರಿಯೆಳೆಗಳ ತುದಿಗೆ ಒಂದನ್ನೊಂದು ಹಿಡಿದುಕೊಳ್ಳುವ ಕೊಕ್ಕೆಗಳು. ಎಲ್ಲ ಸೇರಿ ಒಂದು ಸಣ್ಣ ಜಾಲರಿ. ಜಾಲರಿಯ ಸಂದಿಗಳಲ್ಲಿ ಗಾಳಿ ಕೂತಿರುತ್ತದೆ. ನೀರಿನ ಹನಿ ಬಿದ್ದಾಗ ಅದು ಕೂರುವುದು ಸ್ವಲ್ಪ ಎಳೆಯ ಮೇಲೆ, ಬಹಳಷ್ಟು ಗಾಳಿಯ ಮೇಲೆ. ಒಳಗೆ ಇಳಿಯಬೇಕಾದರೆ ಹನಿಯ ಹೊರಮೈ ಸಂದಿಯೊಳಕ್ಕೆ ಬಾಗಿ ಹಿಗ್ಗಬೇಕು. ನೀರಿನ ಮೇಲ್ಮೈ ಎಳೆತ ಅದಕ್ಕೆ ಬಿಡುವುದಿಲ್ಲ, ಹನಿಯನ್ನು ಗುಂಡಗೇ ಇಡುತ್ತದೆ. ಸಂದಿ ಚಿಕ್ಕದಾದಷ್ಟೂ ನೀರನ್ನು ಒಳಗೆ ತಳ್ಳಲು ಹೆಚ್ಚು ಒತ್ತಡ ಬೇಕು.

ಇದನ್ನು ಲೆಕ್ಕಕ್ಕೆ ಇಳಿಸಿದವರು ಹಕ್ಕಿ ವಿಜ್ಞಾನಿಗಳಲ್ಲ, ಬಟ್ಟೆಯವರು. ಎರಡನೇ ಮಹಾಯುದ್ಧದ ಕಾಲದಲ್ಲಿ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಉಣ್ಣೆ ಉದ್ಯಮದ ಸಂಶೋಧನಾ ಸಂಸ್ಥೆಯಲ್ಲಿದ್ದ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಎಂಬಿಬ್ಬರು, ಬಟ್ಟೆ ಮಳೆಯನ್ನು ಹೇಗೆ ತಡೆಯುತ್ತದೆ ಎಂದು ನೋಡುತ್ತಿದ್ದರು. ಎಳೆಗಳ ದಪ್ಪ ಮತ್ತು ಎಳೆಗಳ ನಡುವಿನ ದೂರ, ಇವುಗಳಿಂದ ಹನಿ ಎಷ್ಟು ಗುಂಡಗೆ ನಿಲ್ಲುತ್ತದೆ ಎಂದು ಹೇಳುವ ಸಮೀಕರಣವನ್ನು 1944ರಲ್ಲಿ ಕೊಟ್ಟರು. ಬಾತುಕೋಳಿಯ ಗರಿಯನ್ನೂ ಅಳೆದು ನೋಡಿದರು. ಬಾತುಕೋಳಿ ಒದ್ದೆಯಾಗದಿರುವುದು ಅದು ಸವರಿಕೊಳ್ಳುವ ಎಣ್ಣೆಯ ಮಹಿಮೆ ಅಂತ ಎಲ್ಲರೂ ನಂಬಿದ್ದರು, ಈಗಲೂ ಶಾಲೆಯಲ್ಲಿ ಹಾಗೇ ಹೇಳಿಕೊಡುತ್ತಾರೆ. ಎಣ್ಣೆಯ ಪಾತ್ರ ಇದೆ, ಗರಿ ಸೀಳದಂತೆ ಮೆತ್ತಗಿಡುತ್ತದೆ. ಆದರೆ ನೀರನ್ನು ಹೊರಗಿಡುವ ದೊಡ್ಡ ಗುಟ್ಟು ಜಾಲರಿಯ ರಚನೆಯಲ್ಲಿದೆ.

ಹಾಗಾಗಿ ಹಕ್ಕಿ ಮೀಯುವುದು ಅಂದರೆ ತನ್ನ ರೇನ್‌ಕೋಟನ್ನು ತಾನೇ ಬಿಚ್ಚುವ ಕೆಲಸ. ಗರಿ ಕೆದರುತ್ತದೆ, ಜಾಲರಿಯ ಸಂದಿ ಅಗಲವಾಗುತ್ತದೆ, ರೆಕ್ಕೆ ಬಡಿದು ನೀರನ್ನು ರಭಸದಿಂದ ಒಳಕ್ಕೆ ನುಗ್ಗಿಸುತ್ತದೆ. ಗುಬ್ಬಿಯಂಥ ಹಕ್ಕಿ ಇದಕ್ಕೆ ನೀರಿನೊಳಗೆ ನಡೆದುಕೊಂಡು ಹೋಗಿ ಹೊಟ್ಟೆ ಮುಳುಗಿಸುತ್ತದೆ. ಹಮ್ಮಿಂಗ್‌ಬರ್ಡ್‌ಗೆ ಅದು ಸಾಧ್ಯವಿಲ್ಲ. ಅದರ ಕಾಲು ಎಷ್ಟು ಕಿರಿದು ಅಂದರೆ ಅದಕ್ಕೆ ನಡೆಯಲು ಬರುವುದಿಲ್ಲ, ಕುಪ್ಪಳಿಸಲೂ ಬರುವುದಿಲ್ಲ. ಕೂತ ಕಡೆ ಸ್ವಲ್ಪ ಪಕ್ಕಕ್ಕೆ ಸರಿಯಬಹುದು ಅಷ್ಟೆ. ಬೋಗುಣಿ ಎಷ್ಟೇ ಚಂದ ಇರಲಿ, ಅದರ ಪಾಲಿಗೆ ಅದು ಬಾವಿ. ಅದಕ್ಕೆ ಬೇಕಾದದ್ದು ಎರಡೇ: ಒರಟು ಕಲ್ಲಿನ ಮೇಲೆ ತೆಳ್ಳಗೆ ಹರಿಯುವ ನೀರು, ಇಲ್ಲವೇ ಹಾರುತ್ತಲೇ ಹಾಯ್ದು ಹೋಗಬಹುದಾದ ತುಂತುರು. ಒದ್ದೆ ಕಲ್ಲಿಗೆ ಹೊಟ್ಟೆ ಒತ್ತಿ ರೆಕ್ಕೆ ಬಡಿಯುತ್ತದೆ, ಕತ್ತನ್ನು ಕಲ್ಲಿಗೆ ಉಜ್ಜುತ್ತದೆ. ಮಿಂದ ಮೇಲೆ ಮೈ ಕೊಡವುತ್ತದೆ, ಅದೂ ಹಾರುತ್ತಲೇ! ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆನಾ ಎಂಬ ಜಾತಿಯ ಹಮ್ಮಿಂಗ್‌ಬರ್ಡನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು 2012ರಲ್ಲಿ ತೋರಿಸಿದರು. ಕೊಡವುವಾಗ ತಲೆ ಅತ್ತಿಂದಿತ್ತ 180 ಡಿಗ್ರಿಗಿಂತ ಹೆಚ್ಚು ತಿರುಗುತ್ತದೆ. ಗರಿ ಬಳುಕುವುದರಿಂದ ಅದರ ತುದಿಗೆ ಇನ್ನಷ್ಟು ವೇಗ ಸಿಕ್ಕಿ ಹನಿ ಸಿಡಿದು ಹೋಗುತ್ತದೆ.

ಮಾಡುವುದು ಸುಲಭ. 20 ಲೀಟರ್ ಹಿಡಿಯುವ ಒಂದು ಬಕೆಟ್ ಅಥವಾ ತೂತಿಲ್ಲದ ದೊಡ್ಡ ಕುಂಡ, ಅದರ ತಳದಲ್ಲಿ ಮುಳುಗಿಸಿಡುವ ಸಣ್ಣ ಪಂಪ್, ಒಂದು ಪೈಪು. ಬಾಯಿಗೆ ಗಟ್ಟಿ ಜಾಲರಿ, ಜಾಲರಿ ಮೇಲೆ ಒರಟು ಚಪ್ಪಡಿ ಕಲ್ಲು. ಪೈಪಿನ ತುದಿ ಕಲ್ಲಿನ ತೂತಿನಿಂದಲೋ ಎರಡು ಕಲ್ಲುಗಳ ಸಂದಿಯಿಂದಲೋ ಮೇಲೆ ಬರಲಿ. ನೀರು ಚಿಮ್ಮುವುದು ಬೇಡ, ಬುಗುಬುಗು ಅಂತ ಉಕ್ಕಿ ಕಲ್ಲಿನ ಮೇಲೆ ಹರಡಿ ವಾಪಸ್ ಬಕೆಟ್‌ಗೆ ಬೀಳಬೇಕು. ಕಲ್ಲಿನ ಮೇಲೆ ನೀರು ಒಂದು ಸೆಂಟಿಮೀಟರಿಗಿಂತ ಕಡಿಮೆ ಇರಲಿ. ಪಂಪ್ ಕೊಳ್ಳುವಾಗ ಒಂದು ಮಾತು. ಡಬ್ಬದ ಮೇಲೆ ಬರೆದಿರುವ ಎತ್ತರ ಅಂದರೆ ಆ ಎತ್ತರಕ್ಕೆ ನೀರು ಸೊಗಸಾಗಿ ಬರುತ್ತದೆ ಅಂತಲ್ಲ, ಅಲ್ಲಿಗೆ ಹರಿವು ಸೊನ್ನೆಯಾಗುತ್ತದೆ ಅಂತ. ನಿಮಗೆ ಬೇಕಾದ ಎತ್ತರದ ಎರಡರಷ್ಟು ಬರೆದಿರುವುದನ್ನು ತನ್ನಿ. ಬ್ಯಾಟರಿ ಇಲ್ಲದ ಸೋಲಾರ್ ಪಂಪ್ ಮೋಡ ಬಂದ ಕೂಡಲೇ ನಿಲ್ಲುತ್ತದೆ. ಕರೆಂಟಿನದಾದರೆ, ವಿದ್ಯುತ್ ಸೋರಿಕೆಯಾದಾಗ ತಾನೇ ಆಫ್ ಆಗುವ ಜಿಎಫ್‌ಸಿಐ ಪ್ಲಗ್‌ಗೇ ಹಾಕಿ. ನೀರು ಬೇಗ ಖಾಲಿಯಾಗುತ್ತಿದ್ದರೆ ಪಂಪನ್ನು ಬೈಯಬೇಡಿ, ಕಲ್ಲಿನ ಅಂಚಿಗೆ ಬಗ್ಗಿ ನೋಡಿ. ನೀರು ಕಲ್ಲಿನ ಅಡಿಭಾಗಕ್ಕೆ ಅಂಟಿಕೊಂಡು ಹರಿದು ಹೊರಗೆ ತೊಟ್ಟಿಕ್ಕುತ್ತಿರುತ್ತದೆ. ಕಲ್ಲನ್ನು ಕೊಂಚ ಒಳಮುಖವಾಗಿ ಓರೆ ಮಾಡಿ. ಬೆಕ್ಕು ಅವಿತುಕೊಳ್ಳುವ ಪೊದೆಯಿಂದ ದೂರವಿರಲಿ, ಆದರೆ ಮಿಂದ ಹಕ್ಕಿ ಹಾರಿ ಕೂರಲು ಒಂದು ಕೊಂಬೆ ಬೇಕು.

ಸೋಪು ಮಾತ್ರ ಬೇಡ. ಮೇಲೆ ಹೇಳಿದ ಜಾಲರಿಯ ಕಥೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಡಿಟರ್ಜೆಂಟ್ ಬೆರೆತರೆ ನೀರಿನ ಮೇಲ್ಮೈ ಎಳೆತ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಹನಿ ಗುಂಡಗೆ ನಿಲ್ಲುವುದಿಲ್ಲ, ಸಂದಿಯೊಳಗೆ ಜಾರಿ ಗಾಳಿಯನ್ನು ಹೊರಗೆ ಹಾಕಿ ಚರ್ಮ ಮುಟ್ಟುತ್ತದೆ. ಆ ಗಾಳಿಯೇ ಹಕ್ಕಿಯ ಸ್ವೆಟರ್. ನಾಲ್ಕು ಗ್ರಾಂ ಹಕ್ಕಿ ಚಳಿಯಲ್ಲಿ ಒಳಗಿನವರೆಗೂ ನೆನೆದರೆ ಉಳಿಯುವುದು ಕಷ್ಟ. ಇರುವೆ ಬಾರದಿರಲಿ ಅಂತ ಕಂಬಕ್ಕೆ ಎಣ್ಣೆ, ವ್ಯಾಸಲೀನ್ ಬಳಿಯುವುದೂ ಕೆಟ್ಟದ್ದು, ಅದು ಗರಿಯ ಎಳೆಗಳನ್ನು ಅಂಟಿಸಿಬಿಡುತ್ತದೆ. ಪಾಚಿಗೆ ಬ್ರಷ್ಷು ಮತ್ತು ಬರೀ ನೀರು ಸಾಕು. ಸಕ್ಕರೆ ನೀರು ಕೊಡಲೇಬೇಕು ಅನ್ನಿಸಿದರೆ ಬೇರೆ ಫೀಡರ್‌ನಲ್ಲಿ (ಹಕ್ಕಿಗೆ ಆಹಾರ ಇಡುವ ಡಬ್ಬದಲ್ಲಿ) ಕೊಡಿ, ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು. ಬಣ್ಣ ಬೇಡ, ಬೆಲ್ಲ ಬೇಡ, ಜೇನೂ ಬೇಡ.

ಹೀಗೆ ಮಾಡಿದ ಕಾರಂಜಿಗೆ ಹಮ್ಮಿಂಗ್‌ಬರ್ಡ್‌ಗಿಂತ ಮೊದಲು ಬೇರೆಯವರೇ ಬರಬಹುದು. ಹೌಸ್ ಫಿಂಚ್, ಗೋಲ್ಡ್‌ಫಿಂಚ್, ಚಳಿಗಾಲದಲ್ಲಿ ವಾರ್ಬ್ಲರ್‌ಗಳು. ಫೀಡರ್ ಕಡೆ ತಲೆಯನ್ನೇ ಹಾಕದ ಹುಳುತಿನ್ನುವ ಹಕ್ಕಿಗಳನ್ನೂ ನೀರು ಕರೆಯುತ್ತದೆ. ಬುಷ್‌ಟಿಟ್ ಅಂತೂ ಇಡೀ ಸಂಸಾರ ಸಮೇತ ಬಂದು ಕಲ್ಲಿನ ಮೇಲೆ ಒಟ್ಟಿಗೇ ಮೀಯುತ್ತದೆ. ಸಂತೆ ಸೇರಿದಲ್ಲಿ ರೋಗವೂ ಸೇರುತ್ತದೆ ಅನ್ನುವುದು ನೆನಪಿರಲಿ. 2020-21ರ ಚಳಿಗಾಲದಲ್ಲಿ ಪೈನ್ ಸಿಸ್ಕಿನ್ ಹಕ್ಕಿಗಳಿಗೆ ಸಾಲ್ಮೊನೆಲ್ಲಾ ಸೋಂಕು ಹರಡಿದಾಗ ಫೀಡರ್, ನೀರಿನ ಬೋಗುಣಿ ಎರಡನ್ನೂ ತೆಗೆದಿಡಿ ಎಂದು ಕ್ಯಾಲಿಫೋರ್ನಿಯಾದ ವನ್ಯಜೀವಿ ಇಲಾಖೆಯೇ ಹೇಳಬೇಕಾಯಿತು.

ಇನ್ನು ನಮ್ಮ ಮನೆಗೂ ಹಮ್ಮಿಂಗ್‌ಬರ್ಡ್ ಬಂತು ಅಂತ ಊರಿನಿಂದ ಬರುವ ವಿಡಿಯೋಗಳ ವಿಷಯ. ಬೆಂಗಳೂರಿನ ಬಾಲ್ಕನಿಯ ದಾಸವಾಳಕ್ಕೆ ಬರುವುದು ಹಮ್ಮಿಂಗ್‌ಬರ್ಡ್ ಅಲ್ಲ, ಸೂರಕ್ಕಿ. ಇಂದು ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಹಿಂದೆ ಹಾಗಿರಲಿಲ್ಲ ಅನ್ನುವುದು ಬೇರೆ ಸೋಜಿಗ. ಜರ್ಮನಿಯಲ್ಲಿ ಸಿಕ್ಕ ಸುಮಾರು 3 ಕೋಟಿ ವರ್ಷ ಹಳೆಯ ಪಳೆಯುಳಿಕೆಯನ್ನು ಪಳೆಯುಳಿಕೆ ತಜ್ಞ ಗೆರಾಲ್ಡ್ ಮೇಯರ್ 2004ರಲ್ಲಿ ಹಮ್ಮಿಂಗ್‌ಬರ್ಡ್ ಎಂದು ಗುರುತಿಸಿದರು. ಸೂರಕ್ಕಿ ಅದರ ಹತ್ತಿರದ ನೆಂಟನೂ ಅಲ್ಲ, ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಮಕರಂದಕ್ಕೆ ಬಂದವರು. ನೀರಿನ ಸಮಸ್ಯೆಗೂ ಸೂರಕ್ಕಿಯ ಉತ್ತರ ಬೇರೆ. ಇಸ್ರೇಲ್ ಕಡೆಯ ಪ್ಯಾಲೆಸ್ಟೈನ್ ಸೂರಕ್ಕಿಯ ಮೇಲಿನ 2003ರ ಅಧ್ಯಯನದಲ್ಲಿ, ಕುಡಿದದ್ದು ಜಾಸ್ತಿಯಾದಂತೆ ಕರುಳು ನೀರಿನ ಕಡಿಮೆ ಪಾಲನ್ನು ಹೀರಿಕೊಂಡು ಉಳಿದದ್ದನ್ನು ಹಾಗೇ ಹೊರಗೆ ಬಿಡುವುದು ಕಂಡಿತು. ಮೂತ್ರಪಿಂಡಕ್ಕೆ ಹೊರೆಯೇ ಕಡಿಮೆ.

ಮೀಯುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಅಭ್ಯಾಸ. ಸೂರಕ್ಕಿಯೂ ಎಲೆಯ ಮೇಲಿನ ಇಬ್ಬನಿಗೆ, ಮಳೆನೀರಿಗೆ ಮೈ ಉಜ್ಜಿ ಮೀಯುತ್ತದೆ. ಹಾಗಾಗಿ ಕರ್ನಾಟಕದಲ್ಲಿರುವವರಿಗೆ ಪಂಪೂ ಬೇಡ. ಬೆಳಿಗ್ಗೆ ಪೈಪಿನ ಬಾಯಿಗೆ ಬೆರಳಿಟ್ಟು ದಾಸವಾಳದ ಎಲೆಗಳ ಮೇಲೆ ತುಂತುರು ಹಾಯಿಸಿದರೆ ಆಯಿತು. ಪಿಕಳಾರ, ಮಡಿವಾಳಗಳಿಗೆ ಮಣ್ಣಿನ ತಟ್ಟೆ ಇಡುವುದಾದರೆ ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನೊಳಗಲ್ಲ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ತಟ್ಟೆಯ ಒದ್ದೆ ಗೋಡೆಗೆ. ಅಲ್ಲಿ ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಆದ್ದರಿಂದ ಹಳೇ ನೀರು ಚೆಲ್ಲಿ ಹೊಸ ನೀರು ತುಂಬಿದರೆ ಸಾಲದು, ತಟ್ಟೆಯ ಅಂಚನ್ನು ತೆಂಗಿನ ನಾರಿನಿಂದ ಗಟ್ಟಿಯಾಗಿ ಉಜ್ಜಿ ತೊಳೆಯಬೇಕು.